ಫೋನಿಗೆ ಗುರುತು ಸಿಗದ ಬಾಣಂತಿ

ತಿಳವಳ್ಳಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಅಂಗನವಾಡಿ ಕಾರ್ಯಕರ್ತೆ ಶೇಖವ್ವ ಗುಡಿಯ ಕಟ್ಟೆಯ ಮೇಲೆ, ನೆಟ್‌ವರ್ಕ್ ಸಿಗುವ ಒಂದೇ ಒಂದು ಮೂಲೆಯಲ್ಲಿ ನಿಂತು ಫೋನಿಗೆ ಮುಖ ತೋರಿಸುತ್ತಿದ್ದಾರೆ. ಕಣ್ಣು ಮಿಟುಕಿಸಿದರೆ ಹಾಜರಿ. ಊರಿಗೆಲ್ಲ ಗೊತ್ತಿರುವ ಹೆಣ್ಣುಮಗಳು ತಾನು ತಾನೇ ಎಂದು ದಿನಾ ರುಜುವಾತು ಮಾಡಬೇಕಾದದ್ದು ನನಗಂತೂ ಸರಿ ಕಾಣುವುದಿಲ್ಲ.

ಹತ್ತನೇ ತರಗತಿ ಮುಗಿಸಿ ಈ ಊರಿಗೆ ಸೊಸೆಯಾಗಿ ಬಂದವರು ಶೇಖವ್ವ. ಇಲ್ಲಿನ ಎಷ್ಟೋ ತಾಯಂದಿರು ಚಿಕ್ಕಂದಿನಲ್ಲಿ ಅವರ ಕೈಯಲ್ಲೇ ಮೂಗು ಒರೆಸಿಸಿಕೊಂಡವರು. ಬಾಣಂತಿಯರಿಗೆ ಸರ್ಕಾರ ಕೊಡುವ ತತ್ತಿ, ಬೇಳೆ, ಬೆಲ್ಲ ಮುಟ್ಟಿಸುವುದೂ ಅವರದೇ ಕೆಲಸ. ಮೊದಲು ಸಹಿ ಸಾಕಿತ್ತು, ಈಗ ತಾಯಿಯ ಮುಖವನ್ನು ಆ್ಯಪ್ ಒಪ್ಪಬೇಕು. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಹಾಗಾಗಿದೆ. ಈ ಪೂಜಾರಿ ಯಾರು, ಎಲ್ಲಿ ಕೂತಿದ್ದಾನೆ ಎಂದು ಕೇಳಿದರೆ ಮಾತ್ರ ಯಾರೂ ಬಾಯಿಬಿಡುವುದಿಲ್ಲ.

ಈ ಸಲ ಸಿಕ್ಕಿಬಿದ್ದವಳು ಮಂಜುಳಾ, ಹೆರಿಗೆಗೆ ತವರಿಗೆ ಬಂದವಳು. ಆ್ಯಪ್‌ಗೆ ಫೋಟೊ ಬೇಕೆಂದಾಗ ಅವಳ ತಾಯಿ ಮಾದೇವಿ, ತೆಗೆಸುವುದು ಹೇಗೂ ತೆಗೆಸುತ್ತೇವೆ, ಚೆಂದ ಇರಲಿ ಎಂದು ಕುಬಸದ, ಅಂದರೆ ಸೀಮಂತದ, ದಿನವೇ ಶೇಖವ್ವನನ್ನು ಕರೆಸಿದ್ದರು. ಹಸಿರು ಸೀರೆ, ತಲೆತುಂಬ ಹೂವಿನ ದಂಡೆ, ಕೆನ್ನೆಗೆ ಅರಿಸಿನ, ತುಂಬಿದ ಮುಖ. ಈಗ ಹೆರಿಗೆಯಾಗಿ ಮುಖ ಇಳಿದುಹೋಗಿದೆ. ಕಿವಿಗೆ ಗಾಳಿ ಸೋಕದಂತೆ ತಲೆಯಿಂದ ಗದ್ದದವರೆಗೆ ಬಟ್ಟೆ ಬಿಗಿದಿದ್ದಾರೆ, ಕೋಣೆಯಲ್ಲೂ ಕತ್ತಲೆ. ಎಷ್ಟು ಸಲ ಹಿಡಿದರೂ ಫೋನು ಒಂದೇ ಪಟ್ಟು ಹಿಡಿದಿದೆ: ಇವಳು ಅವಳಲ್ಲ.

ತಲೆಯ ಬಟ್ಟೆ ಬಿಚ್ಚಿಸಿ ಅಂಗಳಕ್ಕೆ ಕರೆತನ್ನಿ ಎಂದು ಯಾರೋ ಸಲಹೆ ಕೊಟ್ಟರು. ಮಾದೇವಿ ಬಾಗಿಲಿಗೆ ಅಡ್ಡ ನಿಂತರು.

“ಥಂಡಿ ಹೊಕ್ಕು ಮಗಳು ಜಡ್ಡಿಗೆ ಬಿದ್ರ, ಕೂಸಿಗೆ ಹಾಲು ಕುಡಸಾಕ ನಿಮ್ಮ ಫೋನ್ ಬರ್ತೈತೇನ್ರಿ ಅಕ್ಕೋರ?”

ಶೇಖವ್ವ ಒತ್ತಾಯ ಮಾಡಲಿಲ್ಲ, ಮೇಲ್ವಿಚಾರಕಿ ಜಯಶ್ರೀಯವರಿಗೆ ಕರೆ ಮಾಡಿದರು. ನಿಮ್ಮ ಮಾತು ನಂಬುತ್ತೇನೆ, ಆದರೆ ನನ್ನ ಕೈಯಲ್ಲಿ ಏನೂ ಇಲ್ಲ ಎಂದರಂತೆ ಅವರು. ಅಧಿಕಾರಿಯೇ ಹೀಗೆಂದರೆ ಅಧಿಕಾರ ಯಾರ ಹತ್ತಿರ ಇದೆ? ನನ್ನ ಅನುಮಾನ ಶುರುವಾಗುವುದೇ ಅಲ್ಲಿಂದ.

ಹಾಜರಿ ಮುಗಿಸಿದ ಶೇಖವ್ವ ಇವತ್ತು ನೇರ ಮಾದೇವಿಯ ಮನೆಗೆ ನಡೆಯುತ್ತಾರೆ. ತತ್ತಿಯ ಬುಟ್ಟಿಯನ್ನು ಮಂಜುಳಾಳ ಹೊರಸಿನ ಪಕ್ಕ ಇಡುತ್ತಾರೆ. ಫೋನು ಚೀಲದೊಳಗೇ ಇರುತ್ತದೆ. ಮುಖ ತೋರಿಸದೆ ಕೊಟ್ಟದ್ದಕ್ಕೆ ನೋಟಿಸ್ ಬರುತ್ತದೆ, ಕೆಲಸಕ್ಕೇ ಕುತ್ತು ಬರಬಹುದು. ಹೆದರಿಕೆ ಇಲ್ಲವೇ ಎಂದು ಕೇಳುತ್ತೇನೆ.

“ಐತ್ರಿ, ಯಾಕ ಇಲ್ಲ? ಆದ್ರ ಹಸದ ಬಾಣಂತಿ ಮುಂದ ತತ್ತಿ ಹಿಡಕೊಂಡು, ಫೋನ್ ಏನಂತೈತಿ ಅಂತ ಕಾಯೂದು ನನ್ನಿಂದ ಆಗಂಗಿಲ್ರಿ.”

ಸರ್ಕಾರದಿಂದ ನಿಮಗೇನು ಬೇಕು ಎಂದರೆ, ಕೂಸಿನ ತಲೆಯ ಕುಂಚಿಗೆಯನ್ನು ಸರಿಮಾಡುತ್ತ ಹೇಳುತ್ತಾರೆ.

“ಫೋನ್ ಬ್ಯಾಡ ಅನ್ನಂಗಿಲ್ರಿ ನಾ. ಅದರಾಗ ಇನ್ನೊಂದು ಬಟನ್ ಇಡ್ಲಿ, ‘ಈಕಿ ಶೇಖವ್ವಗ ಗೊತ್ತು’ ಅಂತ. ಅದನ್ನ ಒತ್ತೂ ಜವಾಬ್ದಾರಿ ನಂದು.”