ಬತ್ತಿ ಇರುವ ಲೈಟರ್

ಸೋಗಾನೆಯ ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಸಾಲಿನ ಪಕ್ಕ ಒಂದು ಪ್ಲಾಸ್ಟಿಕ್ ಬುಟ್ಟಿ ಇತ್ತು. ಅದರ ತುಂಬ ಲೈಟರುಗಳು. ಜೊತೆಗೆ ಒಯ್ಯುವಂತಿಲ್ಲವೆಂದು ಪ್ರಯಾಣಿಕರು ಬಿಟ್ಟುಹೋದವು. ಕೆಂಪು, ಹಸಿರು, ಹೊಟ್ಟೆಯೊಳಗಿನ ಗ್ಯಾಸು ಹೊರಗೇ ಕಾಣುವ ಅಗ್ಗದ ಮಾಲು. ನಾನು ಬಗ್ಗಿ ನೋಡುತ್ತಿದ್ದುದನ್ನು ಕಂಡ ಕಾವಲಿನ ಹೆಣ್ಣುಮಗಳು, "ನಿಮ್ದೂ ಇದ್ಯಾ ಸಾರ್?" ಎಂದಳು. ಇಲ್ಲವೆಂದು ತಲೆಯಾಡಿಸಿದೆ. ಸಿಗರೇಟು ಮುಟ್ಟದ ನಾನು ಒಂದು ಕಾಲಕ್ಕೆ ಲೈಟರುಗಳ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲವನಾಗಿದ್ದೆ ಎಂದು ಅವಳಿಗೆ ಹೇಗೆ ಹೇಳುವುದು? ನಿಮಗೆ ಹೇಳಬಹುದು. ಹೈದರಾಬಾದಿನ ವಿಮಾನಕ್ಕೆ ಇನ್ನೂ ಹೊತ್ತಿದೆ.

ತೊಂಬತ್ತರ ದಶಕದ ಕೊನೆಯ ಮಾತು. ಭದ್ರಾವತಿಯ ನ್ಯೂ ಟೌನಿನಲ್ಲಿ ನನ್ನ ಸೋದರತ್ತೆ ಸರೋಜತ್ತೆಯ ಮನೆ. ಮಾವ ಕಾರ್ಖಾನೆಯ ಕುಲುಮೆಯಲ್ಲಿ ಕೆಲಸಕ್ಕಿದ್ದರು. ಅತ್ತೆಗೆ ವರ್ಷದ ಹಬ್ಬಗಳೆಲ್ಲ ಒಂದು ತೂಕವಾದರೆ ಕಾರ್ತಿಕದ ವನಭೋಜನವೇ ಒಂದು ತೂಕ. ನೀರಿನ ಚಾನಲ್ಲಿನ ಏರಿಯ ಮೇಲಿನ ನೆಲ್ಲಿ ಮರದ ಕೆಳಗೆ ಮೂರು ಕಲ್ಲಿಟ್ಟು ಅಡುಗೆ ಮಾಡಬೇಕು. ಅದಕ್ಕೂ ಮುಂಚೆ ನೆಲ್ಲಿಕಾಯಿಯ ತಲೆ ಕೊರೆದು, ತುಪ್ಪ ಹಾಕಿ, ಬತ್ತಿಯಿಟ್ಟು, ಮರದ ಬುಡದಲ್ಲಿ ದೀಪ ಹಚ್ಚಬೇಕು. ಆ ದೀಪ ಹತ್ತುವವರೆಗೆ ಅತ್ತೆ ತೊಟ್ಟು ನೀರೂ ಕುಡಿಯುತ್ತಿರಲಿಲ್ಲ.

ಏರಿಯ ಮೇಲೆ ಗಾಳಿ ಜಾಸ್ತಿ. ಒಂದು ವರ್ಷ ಕಡ್ಡಿಗಳೆಲ್ಲ ಒಂದೊಂದಾಗಿ ಆರಿದವು. ದೀಪ ಹೇಗೋ ಹತ್ತಿತು, ಒಲೆ ಹತ್ತಲಿಲ್ಲ. ಇಡೀ ದಿನ ಕಾದ ಕಬ್ಬಿಣದ ಮುಂದೆ ನಿಲ್ಲುವ ಮಾವನಿಗೆ ಅಷ್ಟು ಸಣ್ಣ ಒಲೆಯಿಂದ ಅವಮಾನವಾಗಿರಬೇಕು. ಸೌದೆಯ ಮೇಲೆ ಸೀಮೆಎಣ್ಣೆ ಸುರಿದು ಕಡ್ಡಿ ಗೀರಿದರು. ಆ ಕಡ್ಡಿ ಮಾತ್ರ ಆರಲಿಲ್ಲ.

ನಾನು ಕಂಡಷ್ಟನ್ನೇ ಹೇಳುತ್ತೇನೆ. ಬೆಂಕಿ ಮೊದಲು ಮೇಲಕ್ಕೆದ್ದಿತು, ಆಮೇಲೆ ಪಕ್ಕಕ್ಕೆ ಬಾಗಿತು. ಬಾಗಿದ ಕಡೆ ಅತ್ತೆ ಕೂತಿದ್ದರು. ಸೆರಗಿನ ಅಂಚು ಮೊದಲು ಕಂದಾಯಿತು, ಆಮೇಲೆ ಹೊತ್ತಿತು. ನಾನು ಸೌಟು ಹಿಡಿದು ನಿಂತಿದ್ದೆ, ಕಾಲು ಏಳಲಿಲ್ಲ. ಮಾವ ಮಜ್ಜಿಗೆಯ ತಪ್ಪಲೆ ಎತ್ತಿ ಅತ್ತೆಯ ಮೇಲೆ ಬೋರಲು ಹಾಕಿದರು. ಮೈಗೆ ಏನೂ ಆಗಲಿಲ್ಲ. ಗೇಣುದ್ದ ಸೆರಗು ಹೋಯಿತು, ಅಷ್ಟೆ. ಕರಿಬೇವಿನೆಲೆ ಅಂಟಿದ ಮುಖದಲ್ಲಿ ಅತ್ತೆ ಅಂದರು: "ಇನ್ ಮೇಲೆ ಬಯಲಿನ ಊಟ ಬೇಡ. ಮನೇಲೇ ನೆಲ್ಲಿ ಕೊಂಬೆ ಇಟ್ಟು ಪೂಜೆ ಮಾಡ್ತೀನಿ."

ಮನೆಯೊಳಗೆ ಕೊಂಬೆಯಿಟ್ಟುಕೊಂಡು ಕೂತ ಅತ್ತೆಯನ್ನು ಕಲ್ಪಿಸಿಕೊಳ್ಳಲು ನನ್ನಿಂದಾಗಲಿಲ್ಲ. ಮುಂದಿನ ಕಾರ್ತಿಕ ಹತ್ತಿರವಾದಾಗ, ಗಾಳಿಗೆ ಆರದ, ಸೀಮೆಎಣ್ಣೆ ಬೇಡದ, ಜೇಬಿನಲ್ಲಿಟ್ಟುಕೊಳ್ಳುವ ಬೆಂಕಿಯೊಂದನ್ನು ಹುಡುಕಿ ಹೊರಟೆ. ಬಸ್ ಸ್ಟ್ಯಾಂಡಿನ ಹತ್ತಿರ ವಾಚು, ಟಾರ್ಚು, ಲೈಟರು ಮಾರುವ ಸಾಹೇಬರೊಬ್ಬರ ಅಂಗಡಿಯಿತ್ತು. ಅವರು ನಯವಾಗಿ, ಯಾವ ಸಿಗರೇಟು ಸೇದುತ್ತೀರಿ ಎಂದು ಕೇಳಿದರು. ಪೂಜೆಗೆ ಬೇಕು ಎಂದೆ. ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ತಲೆಯ ಮೇಲಿನ ಫ್ಯಾನನ್ನು ಪೂರ್ತಿ ಜೋರು ಮಾಡಿ, ಗಾಜಿನ ಮೇಲೆ ಲೈಟರುಗಳನ್ನು ಸಾಲಾಗಿ ಇಟ್ಟರು.

ಗ್ಯಾಸ್ ತುಂಬುವವು ನೋಡಲು ಚೆಂದ; ಫ್ಯಾನಿನ ಕೆಳಗೆ ಒಂದೂ ನಿಲ್ಲಲಿಲ್ಲ. ಕೊನೆಗೆ ಉಳಿದದ್ದು ಪೆಟ್ರೋಲ್ ಹಾಕುವ, ತಗಡಿನ ಮೈಯ, ಚಪ್ಪಟೆ ಲೈಟರು. ಒಳಗೆ ಹತ್ತಿ, ಹತ್ತಿಯಿಂದೆದ್ದ ಬತ್ತಿ, ಬತ್ತಿಯ ಸುತ್ತ ತೂತುಗಳ ಗೋಡೆ. ಗಾಲಿ ತಿರುವಿದರೆ ಚಕಮಕಿ ಕಲ್ಲಿನ ಕಿಡಿ. ಗಾಳಿಗೆ ಜ್ವಾಲೆ ಮಲಗಿತು, ಮತ್ತೆ ಎದ್ದು ಕೂತಿತು. ಸಾಹೇಬರು ಅದರ ದೋಷಗಳನ್ನೂ ಮುಚ್ಚಿಡಲಿಲ್ಲ. ಮುಚ್ಚಳ ಮುಚ್ಚದೆ ಆರುವುದಿಲ್ಲ. ಹಚ್ಚದೆ ಇಟ್ಟರೂ ಪೆಟ್ರೋಲು ಒಣಗುತ್ತದೆ, ಹಿಂದಿನ ದಿನವೇ ತುಂಬಬೇಕು. ತುಂಬಿದ ಮೇಲೆ ಕೈ ಒರೆಸಿ, ಒಣಗುವವರೆಗೆ ಹಚ್ಚಬಾರದು. "ಭರೋಸಾ ಲೈಟರ್ ಮೇಲೆ ಅರ್ಧ ಸಾರ್, ಇನ್ನರ್ಧ ತುಂಬೋರ ಮೇಲೆ," ಎಂದರು.

ಸವಳಂಗ ರಸ್ತೆಯ ನಮ್ಮ ಮನೆಯ ತಾರಸಿಯಲ್ಲಿ ದಿನವೂ ಪರೀಕ್ಷೆ ನಡೆಯಿತು. ಒಂದು ದಿನ ಅಳತೆ ಮೀರಿ ತುಂಬಿ ಜೇಬಿಗಿಳಿಸಿದೆ. ಪೆಟ್ರೋಲು ಸೋರಿ, ತೊಡೆಯ ಚರ್ಮ ಕೆಂಪಾಗಿ ಉರಿಯಿತು. ಕುಂಟುತ್ತ ಕೆಳಗಿಳಿದ ನನ್ನನ್ನು ಅಮ್ಮ ಮೂಸಿ ನೋಡಿ ಅಂದರು: "ಸೇದೋದಾದ್ರೆ ಎಲ್ಲರ ಹಾಗೆ ಸೇದು. ಇದ್ಯಾವ ಹೊಸ ಚಟ ಪೆಟ್ರೋಲಿಂದು?"

ಅತ್ತೆಯದು ಬೇರೆಯೇ ತಕರಾರು. ಬೆಂಕಿಯ ಭಯದ ಮಾತೇ ಎತ್ತಲಿಲ್ಲ. ಬೀಡಿ ಹಚ್ಚುವ ವಸ್ತುವಿನಿಂದ ದೇವರ ದೀಪ ಹಚ್ಚುವುದೇ ಎಂದರು. ಲೈಟರನ್ನು ಬಿಚ್ಚಿ ಒಳಗಿನದನ್ನು ಅವರ ಅಂಗೈ ಮೇಲಿಟ್ಟೆ. ಕನ್ನಡಕ ಏರಿಸಿ, ತಿರುಗಿಸಿ ತಿರುಗಿಸಿ ನೋಡಿದರು.

"ಹತ್ತಿ ಇದೆ. ಬತ್ತಿ ಇದೆ. ಎಣ್ಣೆ ಕುಡಿಯುತ್ತೆ," ಎಂದರು. "ಹಾಗಾದ್ರೆ ಇದೂ ದೀಪಾನೇ ಕಣೋ. ದೀಪದಿಂದ ದೀಪ ಹಚ್ಚೋದಕ್ಕೆ ಯಾರ ಅಡ್ಡಿ?" ಆಮೇಲೆ ಒಳಗಿನ ಕೋಣೆಯತ್ತ ತಿರುಗಿ, ಅಟ್ಟದಿಂದ ದೊಡ್ಡ ತಪ್ಪಲೆ ಇಳಿಸಿ ಎಂದು ಮಾವನಿಗೆ ಕೂಗಿದರು.

ಆ ವರ್ಷವೂ ಏರಿಯ ಮೇಲೆ ಅದೇ ಗಾಳಿ. ಸೀಮೆಎಣ್ಣೆಯನ್ನು ಮನೆಯಲ್ಲೇ ಬಿಟ್ಟು ಬಂದಿದ್ದೆವು. ಮಾವನನ್ನು ಒಲೆಯಿಂದ ದೂರ, ಕಾಯಿ ತುರಿಯಲು ಕೂರಿಸಿದ್ದರು. ನಾನು ಮರದ ಬುಡದಲ್ಲಿ ಕೂತು ಗಾಲಿ ತಿರುವಿದೆ. ಕಿಡಿ ಬಂತು, ಬತ್ತಿ ಹತ್ತಿತು, ಜ್ವಾಲೆ ಮಲಗಿ ಎದ್ದಿತು. ನೆಲ್ಲಿಕಾಯಿಯ ಹತ್ತಿರ ಒಯ್ಯುವಷ್ಟರಲ್ಲಿ ಅತ್ತೆ, "ಕೊಡು ಇಲ್ಲಿ," ಎಂದು ನನ್ನ ಕೈಯಿಂದ ತೆಗೆದುಕೊಂಡರು. ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ, ಒಂದೊಂದಾಗಿ ದೀಪಗಳನ್ನೆಲ್ಲ ತಾವೇ ಹಚ್ಚಿದರು. ಅದರಿಂದಲೇ ಒಣ ತೆಂಗಿನಗರಿ, ಗರಿಯಿಂದ ಒಲೆ. ಅನ್ನ ಬೆಂದಿತು, ಸಾರು ಕುದಿಯಿತು. ಕಾರ್ಖಾನೆಗೂ ಇಂಥದ್ದೊಂದು ತರಿಸಬೇಕು ಎಂದು ಮಾವ ಅಂದದ್ದಕ್ಕೆ ಅತ್ತೆ ನಕ್ಕು ಕೆಮ್ಮಿದರು. ಅಂಥ ಸಾರನ್ನು ನಾನು ಮತ್ತೆಲ್ಲೂ ಉಂಡಿಲ್ಲ. ಬೆಂಕಿಯ ಭಯ ಬಿಟ್ಟು ಅತ್ತೆ ಬಯಲಿಗೆ ಮರಳಿದ ದಿನವೆಂದೂ, ಅದು ನನ್ನ ಆಯ್ಕೆಯ ಗೆಲುವೆಂದೂ ಇಷ್ಟು ವರ್ಷ ಒಳಗೊಳಗೇ ಬೀಗಿದ್ದೇನೆ.

ತಪಾಸಣೆ ಮುಗಿದ ಮೇಲೆ ಗಾಜಿನ ಗೋಡೆಯ ಪಕ್ಕ ಕೂತು ಅತ್ತೆಗೆ ಫೋನು ಮಾಡಿದೆ. ಈಗ ಎಂಬತ್ತು ದಾಟಿದೆ. ಕಿವಿ ಮಂದ, ನಾಲಿಗೆ ಚುರುಕು. ಬುಟ್ಟಿಯ ಸಂಗತಿ ಹೇಳಿ, ಆವತ್ತು ನೀನು ಎಷ್ಟು ಧೈರ್ಯ ಮಾಡಿ ಹಚ್ಚಿದೆ ಅತ್ತೆ, ಎಂದೆ.

"ನನಗೆಂಥ ಭಯ ಮಾರಾಯ? ಸೀರೆ ಸುಟ್ಟಿದ್ದಕ್ಕೆ ಸಿಟ್ಟು ಬಂದಿತ್ತು, ಅಷ್ಟೇ," ಎಂದರು ಅತ್ತೆ. "ನಿನ್ನ ಕೈ ನಡುಗ್ತಿತ್ತು. ಪಾಪ, ಹುಡುಗ ಒಂದು ವರ್ಷದಿಂದ ಹೆದರಿಕೊಂಡಿದ್ದಾನೆ ಅಂತ ನಾನೇ ಇಸ್ಕೊಂಡೆ."

ಆಚೆ ರನ್‌ವೇಯ ಹುಲ್ಲು ಗಾಳಿಗೆ ಒಂದೇ ಕಡೆ ಮಲಗಿತ್ತು. ಫೋನಿಟ್ಟ ಮೇಲೆ ಬಲಗೈ ಮುಂದೆ ಚಾಚಿ ನೋಡಿಕೊಂಡೆ. ಈಗಲೂ ಸ್ವಲ್ಪ ಅಲುಗುತ್ತಿತ್ತು; ಅಷ್ಟು ನಗುತ್ತಿದ್ದೆ.