ಮುತ್ಲಾ ದಿಣ್ಣೆಯ ಕೋಲಾರ

ನಮ್ಮ ಮನೆಯಲ್ಲಿ ಕೋಲಾರ ಎಂದರೆ ಕರ್ನಾಟಕದ ಕೋಲಾರವಲ್ಲ. ಕುವೈತ್ ಪಟ್ಟಣ ದಾಟಿ ಇರಾಕಿನ ಬಸ್ರಾ ಕಡೆಗೆ ಹೋಗುವ ಹೆದ್ದಾರಿ ಒಂದು ಬೋಳು ದಿಣ್ಣೆಯನ್ನು ಏರುತ್ತದೆ, ಅದರ ಹೆಸರು ಮುತ್ಲಾ. ಇಲ್ಲಿನವರು ಅದನ್ನು ಬೆಟ್ಟ ಎನ್ನುತ್ತಾರೆ. ಘಟ್ಟ ನೋಡಿ ಬೆಳೆದ ನಮಗೆ ಮೊದಮೊದಲು ನಗು ಬರುತ್ತಿತ್ತು. ಆದರೆ ಚಪಾತಿಯಂತೆ ಚಪ್ಪಟೆಯಾದ ಈ ನಾಡಿನಲ್ಲಿ ಕಾಲು ನೋಯಿಸುವ ಜಾಗ ಅದೊಂದೇ ಆದ್ದರಿಂದ ಈಗ ನಾವೂ ಬೆಟ್ಟ ಎಂದೇ ಕರೆಯುತ್ತೇವೆ. ಆ ಬೆಟ್ಟದ ಯಾವುದೋ ಕಲ್ಲಿನ ಕೆಳಗೆ ನನ್ನ ಅತ್ತೆಯ ಚಿನ್ನ ಇದೆ ಎನ್ನುವುದು ಮನೆತನದ ಕಥೆ. ಅತ್ತೆಯ ಕೋಲಾರ ಎಂದು ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಆ ಹೆಸರಿನಲ್ಲಿ ಪ್ರೀತಿಗಿಂತ ಕುಹಕವೇ ಹೆಚ್ಚಿತ್ತು.

ಕಥೆ ಇಷ್ಟು. ಇರಾಕಿನ ಸೈನ್ಯ ಕುವೈತಿಗೆ ನುಗ್ಗಿದ ಯುದ್ಧದ ವರ್ಷ ಅತ್ತೆಗೆ ಇಪ್ಪತ್ತರ ಆಸುಪಾಸು, ಕಂಕುಳಲ್ಲಿ ನನ್ನ ಗಂಡ, ಇನ್ನೂ ಹಲ್ಲು ಬಾರದ ಕೂಸು. ಮಾವನಿಗೆ ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಕೆಲಸ. ಅವರನ್ನು ಕೂಡಲೇ ಬಿಡಲಿಲ್ಲ. ಹೆಂಡತಿ ಮಗುವನ್ನು ಊರಿನವರ ಜೊತೆ, ಇರಾಕ್ ದಾಟಿ ಜೋರ್ಡಾನಿಗೆ ಹೋಗುವ ಬಸ್ಸಿಗೆ ಹತ್ತಿಸಿ ಕಳುಹಿಸಿದರು. ನಡು ಮಧ್ಯಾಹ್ನ ಮುತ್ಲಾ ಏರುವಾಗ ಬಸ್ಸಿನ ರೇಡಿಯೇಟರ್ ಕುದಿದು ನಿಂತಿತು. ಅಷ್ಟರಲ್ಲಿ ಮುಂದಿನಿಂದ ವಾಪಸು ಬಂದ ಯಾರೋ, ಚೆಕ್‌ಪೋಸ್ಟಿನಲ್ಲಿ ಸೈನಿಕರು ಹೆಂಗಸರ ಕುತ್ತಿಗೆಗೇ ಕೈ ಹಾಕುತ್ತಿದ್ದಾರೆ ಎಂದರು. ಅತ್ತೆ ಮಗುವನ್ನು ತೊಳೆಯುವ ನೆಪದಲ್ಲಿ ಬಸ್ಸಿಳಿದು ದಿಣ್ಣೆಯ ಬದಿಗೆ ಹೋದರು. ಬಳೆ, ಸರ, ಕೊನೆಗೆ ಕರಿಮಣಿಯನ್ನೂ ಬಿಚ್ಚಿ, ತವರಿನಿಂದ ಕೊಟ್ಟ ಸ್ಟೀಲಿನ ಟಿಫಿನ್ ಕ್ಯಾರಿಯರಿನ ನಡುವಿನ ಡಬ್ಬಿಗೆ ಹಾಕಿ, ಒಂದು ಬಂಡೆಯ ಪೊಟರೆಯೊಳಗೆ ತಳ್ಳಿ, ಕಲ್ಲು ಮುಚ್ಚಿ ಬಂದರು.

ಊರಿಗೆ ಮುಟ್ಟಿದಾಗ ಬರಿಗುತ್ತಿಗೆ. ಗಂಡ ಯುದ್ಧದ ನಡುವೆ ಇರುವಾಗ ಕೈಯಾರೆ ಕರಿಮಣಿ ಬಿಚ್ಚಿದವಳು ಎಂದು ಒಂದು ಮಾತು. ಅದೇ ವರ್ಷ ಅತ್ತೆಯ ಅಣ್ಣ ಹೊಸ ಆಟೋರಿಕ್ಷಾ ತೆಗೆದುಕೊಂಡದ್ದರಿಂದ, ಚಿನ್ನ ಅಲ್ಲಿಗೇ ಹೋಯಿತು ಎಂದು ಇನ್ನೊಂದು ಮಾತು. ಎರಡನೆಯದನ್ನು ಎದುರಿಗೆ ಯಾರೂ ಆಡಲಿಲ್ಲ. ಮದುವೆ ಮನೆಗಳಲ್ಲಿ ಅತ್ತೆ ಬಂದಾಗ ಮಾತು ನಿಲ್ಲುತ್ತಿತ್ತು, ಅಷ್ಟೇ. ಒಂದೂವರೆ ತಿಂಗಳ ಮೇಲೆ ಮಾವ ಸುರಕ್ಷಿತವಾಗಿ ಬಂದಿಳಿದರು. ಅವರು ಎಲ್ಲ ಕೇಳಿಸಿಕೊಂಡು, "ಆಯ್ತು ಬಿಡು" ಎಂದರಂತೆ. ನಂಬಿದೆ ಎನ್ನಲಿಲ್ಲ, ನಂಬುವುದಿಲ್ಲ ಎಂದೂ ಅನ್ನಲಿಲ್ಲ. ಅತ್ತೆಯನ್ನು ಮೂವತ್ತಕ್ಕೂ ಹೆಚ್ಚು ವರ್ಷ ಕೊರೆದದ್ದು ಚಿನ್ನವಲ್ಲ, ಆ "ಆಯ್ತು ಬಿಡು".

ಯುದ್ಧ ಮುಗಿದ ಮೇಲೆ ಮಾವ ಒಬ್ಬರೇ ಮರಳಿ ಬಂದು ನಿವೃತ್ತಿಯ ತನಕ ಇಲ್ಲೇ ದುಡಿದರು. ಚಳಿಗಾಲ ಬಂದರೆ ಶುಕ್ರವಾರಗಳಲ್ಲಿ ಮುತ್ಲಾಕ್ಕೆ ಹೋಗಿ ಹುಡುಕುತ್ತಿದ್ದರು. ಅತ್ತೆ ಹೇಳಿದ ಗುರುತು ಮೂರು: ಹಳೆಯ ರಸ್ತೆಯ ಮೋರಿ, ರಸ್ತೆಯಿಂದ ಪಡುವಣ ಬದಿಗೆ ಇಳಿಯುವ ಕಾಲುದಾರಿ, ತುದಿಯಲ್ಲಿ ಅರೆಯುವ ಕಲ್ಲಿನಷ್ಟು ನುಣ್ಣಗೆ ಗುಳಿಬಿದ್ದ ಬಂಡೆ. ಮಾವನಿಗೆ ಮೋರಿ ಸಿಕ್ಕಿತು, ಪಡುವಣಕ್ಕೆ ಕಾಲುದಾರಿಗಳೂ ಬೇಕಾದಷ್ಟು ಸಿಕ್ಕಿದವು, ಬಂಡೆ ಸಿಗಲಿಲ್ಲ. ಆಮೇಲೆ ಅದೇ ರಿಫೈನರಿಗೆ ನನ್ನ ಗಂಡ ಬಂದರು, ಅವರ ಹಿಂದೆ ನಾನು. ಹುಡುಕುವ ಕೆಲಸವೂ ಬಳುವಳಿಯಾಗಿ ಬಂತು.

ನಿಜ ಹೇಳಬೇಕೆಂದರೆ ಆ ಹುಡುಕಾಟದಷ್ಟು ಸುಖದ ಕೆಲಸ ನನಗೆ ಈ ದೇಶದಲ್ಲಿ ಇನ್ನೊಂದಿಲ್ಲ. ಮೈದಾನ್ ಹವಲ್ಲಿಯ ನಮ್ಮ ಫ್ಲಾಟಿನ ಕಿಟಕಿಯಿಂದ ಕಾಣುವುದು ಎದುರು ಮನೆಯ ಒಣಗುವ ಬಟ್ಟೆ. ವಾರವಿಡೀ ಶಾಲೆಯ ಕಚೇರಿಯಲ್ಲಿ ಪಾಲಕರ ದೂರು ಕೇಳಿ ಕೇಳಿ ನನ್ನ ತಲೆ ಕಾದಿರುತ್ತದೆ. ಶುಕ್ರವಾರ ಬೆಳಿಗ್ಗೆ ನೀರುದೋಸೆ, ಕೋಳಿ ಸುಕ್ಕ, ಫ್ಲಾಸ್ಕಿನಲ್ಲಿ ಚಹಾ ಕಟ್ಟಿಕೊಂಡು, ನಮ್ಮ ಪುಟ್ಟ ಮಗಳನ್ನೂ ಕರೆದುಕೊಂಡು ಹೊರಟರೆ ಅರ್ಧ ಆಯಾಸ ಜಹ್ರಾ ದಾಟುವಷ್ಟರಲ್ಲೇ ಇಳಿಯುತ್ತದೆ. ಹವಲ್ಲಿಯಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಒಬ್ಬ ಬ್ಯಾರಿ ಗೆಳೆಯರು ತಮ್ಮ ದೊಡ್ಡ ಗಾಡಿಯಲ್ಲಿ ನಮ್ಮನ್ನು ಕರೆದೊಯ್ಯುತ್ತಾರೆ. ನಾವು ಅವರನ್ನು ಭಾಯಿ ಎನ್ನುತ್ತೇವೆ. ಅವರಿಗೆ ಚಿನ್ನದಲ್ಲಿ ಆಸಕ್ತಿಯಿಲ್ಲ. ಮಳೆ ಬಿದ್ದ ವರ್ಷ ಮರಳಿನಡಿ ಸಿಗುವ ಒಂದು ಬಗೆಯ ಅಣಬೆಗಾಗಿ ಬರುತ್ತಾರೆ, ಸಿಗದಿದ್ದರೆ ಸುಕ್ಕ ತಿಂದು ಸಮಾಧಾನಪಡುತ್ತಾರೆ. ಯುದ್ಧದ ಸಿಡಿಗುಂಡು ಇನ್ನೂ ಅಲ್ಲಲ್ಲಿ ಉಳಿದಿರಬಹುದಾದ್ದರಿಂದ ಪ್ರತಿಸಲವೂ ಅವರ ಒಂದೇ ಎಚ್ಚರಿಕೆ: "ಕಬ್ಬಿಣ ಎಂತ ಕಂಡ್ರೂ ಮುಟ್ಲಿಕ್ಕಿಲ್ಲ, ಆಯ್ತಾ? ದಾರಿ ಬಿಟ್ಟು ಇಳಿಲಿಕ್ಕಿಲ್ಲ. ಯಲ್ಲಾ, ಹುಡುಕಿ."

ಈ ಚಳಿಗಾಲ ಅತ್ತೆ ಬಂದರು. ವಿಸಿಟ್ ವೀಸಾ ಸಿಕ್ಕಿತ್ತು. ಊರಿನಲ್ಲಿ ನಾದಿನಿಯ ಮನೆಯಲ್ಲಿರುವ ಮಾವ ಮಾತ್ರ, "ನನಗೆ ಕುವೈತ್ ಸಾಕಾಗುವಷ್ಟು ಆಗಿದೆ, ನೀನು ಹೋಗಿ ಬಾ" ಎಂದು ಅಲ್ಲೇ ಉಳಿದರು. ವಿಮಾನ ಇಳಿದ ಅತ್ತೆಯ ಕೈಯಲ್ಲಿ ಅದೇ ಟಿಫಿನ್ ಕ್ಯಾರಿಯರ್, ಅದರಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ. ಮೂರು ಡಬ್ಬಿಯ ಚೌಕಟ್ಟಿನಲ್ಲಿ ಎರಡೇ ಡಬ್ಬಿ, ನಡುವೆ ಗಡಗಡ ಅಲುಗಾಡದಂತೆ ಬಟ್ಟೆ ತುರುಕಿದ್ದರು. ಇಷ್ಟು ವರ್ಷ ಅದನ್ನು ಎಸೆಯಲೂ ಇಲ್ಲ, ಬೇರೆ ಡಬ್ಬಿ ಜೋಡಿಸಲೂ ಇಲ್ಲ.

"ಮುತ್ಲಾಕ್ಕೆ ಯಾವಾಗ?" ಎಂದು ಕೇಳಿದ್ದು ಮೊದಲ ಊಟದಲ್ಲೇ.

ನನ್ನ ಗಂಡ ತಟ್ಟೆಯಿಂದ ತಲೆ ಎತ್ತಲಿಲ್ಲ. "ಅಮ್ಮ, ಅಲ್ಲಿ ಈಗ ಎಂತ ಇಲ್ಲ. ನೀವು ಹೇಳಿದ ಬದಿಯಲ್ಲಿ ಪೂರ್ತಿ ಹೊಸ ಮನೆಗಳು ಬರ್ತಾ ಉಂಟು. ಬುಲ್ಡೋಜರ್ ಓಡಾಡಿ ಎಲ್ಲ ಖಲಾಸ್."

ಅತ್ತೆ ಅನ್ನ ಕಲಸುವುದನ್ನು ನಿಲ್ಲಿಸಿದರು. "ನಿನಗೂ ನಂಬಿಕೆ ಇಲ್ಲ ಅಲ್ವಾ?"

"ನಂಬಿಕೆ ಪ್ರಶ್ನೆ ಅಲ್ಲ ಅಮ್ಮ..."

"ಅದೇ ಪ್ರಶ್ನೆ," ಎಂದರು ಅತ್ತೆ. "ಬೇರೆ ಎಂತ ಇಲ್ಲ. ನನಗೆ ಚಿನ್ನ ಬೇಡ ಮಾರಾಯ. ಅಲ್ಲಿ ಇಟ್ಟದ್ದು ಹೌದು ಅಂತ ಒಬ್ಬರು ನೋಡಿದ್ರೆ ಸಾಕು. ಸಾಯುವ ಮೊದಲು ನಿನ್ನ ಅಪ್ಪನ ಬಾಯಿಂದ ಒಂದು ಹೌದು ಕೇಳ್ಬೇಕು ನನಗೆ."

ನನಗೆ ಗಂಡನ ಮೇಲೆ ರೇಗಿತು. ತಾಯಿ ಸಮುದ್ರ ದಾಟಿ ಬಂದದ್ದು ನಗರದ ಮಾಲ್ ನೋಡಲಿಕ್ಕಲ್ಲ ಎಂದು ಈ ಮನುಷ್ಯನಿಗೆ ತಿಳಿಯಬೇಡವೇ? ನಾನೇ ಭಾಯಿಗೆ ಫೋನ್ ಮಾಡಿ, ಈ ಶುಕ್ರವಾರ ನಸುಕಿಗೇ ಗಾಡಿ ತನ್ನಿ, ಸುಕ್ಕದ ಜೊತೆ ಪುಂಡಿಯೂ ಇರುತ್ತದೆ ಎಂದೆ. ಆವಿಯಲ್ಲಿ ಬೆಂದ ಅಕ್ಕಿಯುಂಡೆ ಪುಂಡಿ ಎಂದ ಮೇಲೆ ಭಾಯಿ ಇಲ್ಲ ಎನ್ನುವವರಲ್ಲ.

ಸೂರ್ಯ ಮೇಲೇರುವ ಹೊತ್ತಿಗೆ ಮುತ್ಲಾ ತಲುಪಿದೆವು. ಹಳೆಯ ರಸ್ತೆಯ ಮೋರಿಯ ಬಳಿ ಗಾಡಿ ನಿಂತಿತು. ಎಡಗಡೆ, ನಾವು ಇಷ್ಟು ವರ್ಷ ಹುಡುಕಿದ ಬದಿಯಲ್ಲಿ, ದೂರದಲ್ಲಿ ಕ್ರೇನುಗಳು ಕಾಣುತ್ತಿದ್ದವು. ನನ್ನ ಗಂಡ ಅತ್ತ ಕೈ ತೋರಿಸಿ, "ನೋಡಿ, ಹೇಳಿದ್ದೆನಲ್ಲ" ಎಂದರು. ಅತ್ತೆ ಅತ್ತ ತಿರುಗಲೂ ಇಲ್ಲ. ಶಾಲು ಬಿಗಿಯಾಗಿ ಸುತ್ತಿಕೊಂಡು, ರಸ್ತೆ ದಾಟಿ ಬಲಗಡೆಯ ಅಂಚಿಗೆ ಹೋಗಿ ನಿಂತರು. ಕೆಳಗೆ, ಬಹಳ ದೂರದಲ್ಲಿ, ಕುವೈತ್ ಕೊಲ್ಲಿಯ ನೀರು ಹೊಳೆಯುತ್ತಿತ್ತು. ಅದರ ಮೇಲೆ ಸೂರ್ಯ.

ಅತ್ತೆ ಹಣೆಗೆ ಕೈ ಅಡ್ಡ ಹಿಡಿದು ಸ್ವಲ್ಪ ಹೊತ್ತು ನೋಡಿದರು. ಮುಖದಲ್ಲಿ ಗಲಿಬಿಲಿ. "ಇದೆಂತದು? ಬೆಳಿಗ್ಗೆ ಸೂರ್ಯ ಪಡುವಣದಲ್ಲಿ ಉಂಟಲ್ಲ!"

"ಅದು ಮೂಡಣ ಅತ್ತೆ," ಎಂದೆ.

"ಕಡಲು ಇರುವುದು ಅಲ್ಲಿ. ಮೂಡಣ ಹೇಗಾಗ್ತದೆ?"

ನಮ್ಮ ಕರಾವಳಿಯವರಿಗೆ ದಿಕ್ಕು ಹೇಳಿಕೊಡಬೇಕಾಗಿಲ್ಲ. ಕಡಲು ಇರುವುದು ಪಡುವಣ, ಘಟ್ಟ ಇರುವುದು ಮೂಡಣ. ಬಾವಿ ತೋಡುವಾಗಲೂ ಹಾಸಿಗೆ ಹಾಸುವಾಗಲೂ ಅದೇ ಲೆಕ್ಕ. ನೆತ್ತಿಯ ಮೇಲೆ ಸೂರ್ಯ ನಿಂತ ಮಧ್ಯಾಹ್ನ, ಹೆದರಿದ ಹುಡುಗಿಯೊಬ್ಬಳು ಬಸ್ಸಿಳಿದು ಕಡಲು ಕಾಣುವ ಬದಿಗೆ ನಡೆದಿದ್ದಳು. ಅವಳ ಪಾಲಿಗೆ ಅದು ಪಡುವಣವಲ್ಲದೆ ಇನ್ನೇನು? ಇಷ್ಟು ವರ್ಷ ಎರಡು ತಲೆಮಾರಿನ ಗಂಡಸರು ರಸ್ತೆಯ ತಪ್ಪು ಬದಿಯಲ್ಲಿ ಕಲ್ಲು ಮಗುಚಿದ್ದರು. ಅವರೂ ಕರಾವಳಿಯವರೇ, ಆದರೆ ಇಲ್ಲಿ ದುಡಿದು ದುಡಿದು ಅವರ ಸೂರ್ಯ ಕಡಲಿನಿಂದಲೇ ಹುಟ್ಟುವುದನ್ನು ಕಲಿತುಬಿಟ್ಟಿದ್ದ.

"ಅಮ್ಮ, ನೀವು ಹವಲ್ಲಿಯಲ್ಲಿ ಎರಡು ವರ್ಷ ಇದ್ರಲ್ಲ," ನನ್ನ ಗಂಡ ತಲೆ ಮೇಲೆ ಕೈ ಹೊತ್ತರು. "ಸಂಜೆ ಕಡಲ ಬದಿಗೆ ಹೋಗುವಾಗ ಸೂರ್ಯ ಎಲ್ಲಿ ಮುಳುಗ್ತಾನೆ ಅಂತ ನೋಡ್ಲಿಲ್ವಾ?"

"ಹೊಸತಾಗಿ ಮದುವೆಯಾದವಳು, ಗಂಡನ ಮುಖ ನೋಡುವುದಾ ಸೂರ್ಯನನ್ನು ನೋಡುವುದಾ?" ಎಂದರು ಅತ್ತೆ. ಭಾಯಿ ನಗು ತಡೆಯಲಾರದೆ ಗಾಡಿಯ ಹಿಂದೆ ಹೋದರು.

ಕಡಲ ಬದಿಯ ಇಳಿಜಾರಿನಲ್ಲಿ ಬೆಟ್ಟ ಸೀಳುಸೀಳಾಗಿ ಒಡೆದಿದೆ. ಚಳಿಗಾಲದಲ್ಲಿ ಡೇರೆ ಹಾಕುವವರು, ಕುರಿ ಕಾಯುವವರು ತುಳಿದು ತುಳಿದು ಬೆಳ್ಳಗಾದ ಕಾಲುದಾರಿಗಳು. ಭಾಯಿ ಮುಂದೆ ದಾರಿ ನೋಡುತ್ತಾ, ಹಿಂದೆ ಅತ್ತೆ, ಅವರ ತೋಳು ಹಿಡಿದು ನಾನು, ಕೊನೆಗೆ ಮಗಳ ಕೈ ಹಿಡಿದು ನನ್ನ ಗಂಡ. ಎರಡು ದಾರಿ ಸುಮ್ಮನೆ ಹೋದವು. ಮೂರನೆಯದರಲ್ಲಿ ಅತ್ತೆಯ ಕಾಲು ತಾನಾಗಿ ಚುರುಕಾಯಿತು. ಒಂದು ತಿರುವಿನಲ್ಲಿ ನಿಂತು ನನ್ನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದರೆಂದರೆ ಬಳೆ ಒತ್ತಿ ನೋವಾಯಿತು. ಎದುರಿಗೆ ಗುಳಿಬಿದ್ದ ನುಣುಪಾದ ಬಂಡೆ ಇತ್ತು. ಬುಡದಲ್ಲಿ ಪೊಟರೆ. ಕಲ್ಲುಗಳು ಮುಚ್ಚಿರಲಿಲ್ಲ, ಪಕ್ಕಕ್ಕೆ ಸರಿದು ಬಿದ್ದಿದ್ದವು.

ಭಾಯಿ ಬಗ್ಗಿ ಟಾರ್ಚ್ ಹಾಕಿ ಬಹಳ ಹೊತ್ತು ನೋಡಿದರು. "ಗುಂಡಲ್ಲ, ತಂತಿಯಲ್ಲ. ಸ್ಟೀಲಿನ ಡಬ್ಬಿ," ಎಂದು ಮರಳು ಸರಿಸಿ ಮೆಲ್ಲಗೆ ಎಳೆದರು. ತಾವು ಹಿಡಿದುಕೊಳ್ಳದೆ ನೇರ ಅತ್ತೆಯ ಕೈಗಿಟ್ಟರು.

ಡಬ್ಬಿ ಮಂಕಾಗಿತ್ತು, ಒಂದು ಬದಿ ನೆಗ್ಗಿತ್ತು. ಅತ್ತೆ ಸೆರಗಿನಿಂದ ಉಜ್ಜಿದರು. ಊರಿನ ಪಾತ್ರೆ ಅಂಗಡಿಯವರು ಚುಕ್ಕೆ ಚುಕ್ಕೆಯಾಗಿ ಕೊರೆದುಕೊಡುವ ಅಕ್ಷರಗಳು ಒಂದೊಂದಾಗಿ ಮೇಲೆ ಬಂದವು, ಅತ್ತೆಯ ಹೆಸರು. ಒಳಗೆ ಮರಳು ಮಾತ್ರ. ಚಿನ್ನ ಯಾವಾಗಲೋ ಯಾರ ಪಾಲಿಗೋ ಹೋಗಿತ್ತು. ನನ್ನ ಗಂಡ ಮೊಣಕಾಲೂರಿ ಕುಳಿತು ಆ ಹೆಸರನ್ನೇ ನೋಡುತ್ತಿದ್ದರು. ಅವರ ಕಣ್ಣು ತುಂಬಿತ್ತು. ನನ್ನದೂ.

ಮಗಳಿಗೆ ತಾಳ್ಮೆಯಿಲ್ಲ. "ಗ್ರ್ಯಾನಿ, ಆರ್ ವಿ ರಿಚ್ ನೌ?"

ಅತ್ತೆ ಮರಳನ್ನು ಅಂಗೈಗೆ ಸುರಿದುಕೊಂಡು ಬೆರಳಿನಿಂದ ಕೆದಕುತ್ತಿದ್ದರು, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ. ಕಪ್ಪಗಿನ ಒಂದು ಮಣಿ ಬಂತು. ಇನ್ನೊಂದು, ಮತ್ತೊಂದು. ತೆಗೆದುಕೊಂಡವರು ತಾಳಿಯನ್ನೂ ಚಿನ್ನದ ಗುಂಡುಗಳನ್ನೂ ಬಿಡಿಸಿಕೊಂಡು, ಬೆಲೆಯಿಲ್ಲದ ಕರಿಮಣಿಯನ್ನು ಅಲ್ಲೇ ಸುರಿದು ಹೋಗಿದ್ದರು. ಅಂಗೈ ತುಂಬ ಕರಿಮಣಿ ಆದಾಗ ಅತ್ತೆ ಮುಷ್ಟಿ ಮುಚ್ಚಿದರು. "ಇದನ್ನು ಬಿಟ್ಟು ಹೋದವನಿಗೆ ಒಳ್ಳೇದಾಗಲಿ," ಎಂದರು. ನಿಜವಾಗಿ ಅದೇ ಅರ್ಥದಲ್ಲಿ.

ಬಂಡೆಯ ಮೇಲೆ ಕುಳಿತೇ ಮಾವನಿಗೆ ವಿಡಿಯೋ ಕಾಲ್ ಹಚ್ಚಿದೆವು. ಅತ್ತೆ ಡಬ್ಬಿಯನ್ನು ಪರದೆಯ ಹತ್ತಿರ ಹಿಡಿದರು, ಆಮೇಲೆ ಮುಷ್ಟಿ ಬಿಚ್ಚಿ ತೋರಿಸಿದರು. ಮಾವ ಮುಖವನ್ನು ಪರದೆಯ ಹತ್ತಿರ ತಂದು ಕೇಳಿದರು: "ಯಾವ ಬದಿ ಸಿಕ್ಕಿತು?"

"ಕಡಲ ಬದಿ."

"ಥತ್!" ಎಂದು ಮಾವ ಹಣೆ ಚಚ್ಚಿಕೊಂಡರು. "ನನಗೆ ಹೊಳೀಲೇ ಇಲ್ಲ ನೋಡು."

ಅತ್ತೆಗೆ ಬೇಕಾದದ್ದು ಅದಲ್ಲ. "ಈಗಾದ್ರೂ ಹೇಳಿ. ನಂಬಿದ್ರಾ?"

ಮಾವನ ಮುಖದಲ್ಲಿ ನಿಜವಾದ ಅಚ್ಚರಿ. "ಎಂತ ಈಗ? ನೀನು ಹೇಳಿದ ದಿವಸವೇ ನಂಬಿದ್ದೆ. ನಂಬದಿದ್ರೆ ಅಷ್ಟು ವರ್ಷ ಚಳಿಯಲ್ಲಿ ಕಲ್ಲು ಮಗುಚ್ತಾ ಇದ್ದೆನಾ ನಾನು? ಒಂದು ಸಲ ಹೋಗಿ ಬಂದು, ಇಲ್ಲ ಅಂತ ಹೇಳಿ ಮುಗಿಸ್ತಿದ್ದೆ."

ಅತ್ತೆ ಫೋನನ್ನೇ ನೋಡುತ್ತಾ ಕುಳಿತರು. ಮಾವನ ಹುಡುಕಾಟವೆಲ್ಲ ತನ್ನನ್ನು ಪರೀಕ್ಷಿಸಲಿಕ್ಕೆ ಎಂದೇ ತಿಳಿದು ಇಷ್ಟು ಕಾಲ ಬದುಕಿದ್ದ ಹೆಂಗಸು. ಅಳುತ್ತಾರೆ ಎಂದುಕೊಂಡೆ, ಆದರೆ ಬಂದದ್ದು ಸಿಟ್ಟು.

"ಹಾಗಾದ್ರೆ ಅದನ್ನು ಬಾಯಿಬಿಟ್ಟು ಹೇಳ್ಲಿಕ್ಕೆ ನಿಮಗೆ ಎಂತ ಆಗಿತ್ತು?"

ಅತ್ತೆ ಬೈದರು, ಮೂವತ್ತು ವರ್ಷಕ್ಕೆ ಬೇಕಾಗುವಷ್ಟು ಬೈದರು. ಮಾವ ಪ್ರತಿ ಮಾತಿಗೂ "ಹೌದು", "ಹೌದು" ಎನ್ನುತ್ತಿದ್ದರು. ಭಾಯಿ ಪುಂಡಿಯ ಪಾತ್ರೆ ಬಿಚ್ಚಿದರು. ನಾನು ಎಲ್ಲರಿಗೂ ಬಡಿಸಿ, ಆ ನೆಗ್ಗಿದ ಡಬ್ಬಿಯನ್ನು ತೊಳೆದು ಅತ್ತೆಯ ಪಾಲನ್ನು ಅದಕ್ಕೇ ಹಾಕಿಟ್ಟೆ. ಅವರ ಬೈಗುಳ ಇನ್ನೂ ಮುಗಿದಿರಲಿಲ್ಲ.