ಕಥೆಯೊಳಗಿನವರ ಮನಸ್ಸು ಕೇಳಿದ ಮುನಿರತ್ನಮ್ಮ ಮಿಸ್

ದೇವನಹಳ್ಳಿ ತಾಲ್ಲೂಕಿನ ಪ್ರಾಥಮಿಕ ಶಾಲೆಗಳಲ್ಲಿ ಕನ್ನಡ ಕಲಿಸಿದ ಹಿರಿಯರನ್ನು ನೆನೆಯುವಾಗ ಶ್ರೀಮತಿ ಮುನಿರತ್ನಮ್ಮನವರ ಹೆಸರು ಮೊದಲ ಸಾಲಿನಲ್ಲಿಯೇ ಬರಬೇಕಾದದ್ದು. ಪ್ರಬಂಧವೆಂದರೆ ಕರಿಹಲಗೆಯಿಂದ ಇಳಿಸಿಕೊಂಡು ಬಾಯಿಪಾಠ ಮಾಡುವುದೆಂದೇ ಎಲ್ಲರೂ ತಿಳಿದಿದ್ದ ಕಾಲದಲ್ಲಿ, ಎಂಟೊಂಬತ್ತು ವರ್ಷದ ಮಕ್ಕಳೂ ತಮ್ಮದೇ ಕಥೆ ಕಟ್ಟಬಲ್ಲರು, ಕಥೆಯೊಳಗಿನವರ ಸಂಕಟ ಸಂತೋಷಗಳನ್ನು ಅರಿಯಬಲ್ಲರು ಎಂದು ನಂಬಿ, ಆ ನಂಬಿಕೆಯನ್ನು ಸೇವೆಯ ಕೊನೆಯವರೆಗೂ ಕಾಪಾಡಿಕೊಂಡು ಬಂದವರು ಅವರು. ೧೯೯೯ರ ಈ ಮೇ ತಿಂಗಳಲ್ಲಿ ನಿವೃತ್ತರಾಗುತ್ತಿರುವ ಅವರ ಅಭಿನಂದನ ಗ್ರಂಥಕ್ಕೆ ಬರೆಯುವ ಭಾಗ್ಯ, ಅವರ ಕೈಯಲ್ಲಿ ಒಂದು ವರ್ಷವನ್ನೂ ಪೂರ್ತಿ ಕಲಿಯದ ನನಗೆ ಒದಗಿದೆ.

ಹೊಸಕೋಟೆ ಸೀಮೆಯ ಹಳ್ಳಿಗಳಲ್ಲಿ ಬಹುಕಾಲ ದುಡಿದು ಅವರು ವಿಜಯಪುರಕ್ಕೆ ವರ್ಗವಾಗಿ ಬಂದದ್ದು ೧೯೮೭ರಲ್ಲಿ. ನಾನಾಗ ನಾಲ್ಕನೆಯ ತರಗತಿ. ಕಿಟಕಿ ತೆರೆದರೆ ರೇಷ್ಮೆಗೂಡು ಬೇಯಿಸುವ ವಾಸನೆ ಬರುತ್ತಿದ್ದ ಆ ಕೋಣೆಯಲ್ಲಿ ಮಿಸ್ ಕಥೆ ಹೇಳುತ್ತ ಹೇಳುತ್ತ ನಡುವೆ ನಿಲ್ಲಿಸಿಬಿಡುತ್ತಿದ್ದರು. ಮುಂದೇನಾಯಿತೆಂದು ನಾವು ಕೇಳಿದರೆ, ಈಗ ಕಥೆಯಲ್ಲಿರುವ ಅವಳಿಗೆ ಏನನ್ನಿಸಿರಬೇಕು ಎಂದು ಅವರು ಕೇಳುತ್ತಿದ್ದರು. ದುಃಖವಾಯಿತು, ಕೋಪ ಬಂತು ಎಂದು ಬರೆದು ಮುಗಿಸಿದರೆ ಒಪ್ಪುತ್ತಿರಲಿಲ್ಲ.

“ಕೋಪ ಬಂತು ಅಂದ್ರೆ ನಾನು ಹೆಂಗವ್ವಾ ನಂಬ್ಲಿ? ಕೋಪ ಬಂದೋಳು ಏನ್ ಮಾಡ್ತಾಳೆ, ಅದನ್ನ ಹೇಳು.”

ಸಹಪಾಠಿ ಮಾರಕ್ಕ, ತನ್ನ ಅಜ್ಜಿ ಕೋಪ ಬಂದರೆ ಬಾಯಿ ತೆರೆಯುವುದಿಲ್ಲ, ಪಾತ್ರೆಗಳನ್ನು ಕುಕ್ಕಿ ಕುಕ್ಕಿ ಇಡುತ್ತಾಳೆ ಎಂದಾಗ ತರಗತಿಯೆಲ್ಲ ನಕ್ಕಿತು. ಮಿಸ್ ನಗಲಿಲ್ಲ, ಅಜ್ಜಿಯ ಕೋಪ ತಮಗೂ ಕೇಳಿಸಿತೆಂದರು.

ಆ ವರ್ಷ ದೀಪಾವಳಿ ಕಳೆದ ಮೇಲೆ ನಮ್ಮ ಮನೆ ಒಡೆಯಿತು. ರೇಷ್ಮೆ ನೂಲಿಗೆ ಹುರಿ ಹಾಕುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ನನ್ನ ತಂದೆ ವೆಂಕಟರಾಮಪ್ಪನವರಿಗೂ ತಾಯಿ ಲಕ್ಷ್ಮೀದೇವಮ್ಮನವರಿಗೂ ಜಗಳ ಬೆಳೆದು, ತಾಯಿ ಬಸ್ಸು ಹತ್ತಿ ತ್ಯಾಮಗೊಂಡ್ಲಿನ ತವರಿಗೆ ಹೊರಟುಹೋದರು. ನನ್ನನ್ನು ಜೊತೆಗೆ ಕಳಿಸಲು ತಂದೆ ಒಪ್ಪಲಿಲ್ಲ. ಮನೆಯಲ್ಲಿ ಅಮ್ಮನ ಹೆಸರೆತ್ತುವಂತಿರಲಿಲ್ಲ. ಶಾಲೆಯಲ್ಲಿ ನಾನಾಗಿ ಯಾರಿಗೂ ಹೇಳಲಿಲ್ಲ. ಸಿಕ್ಕುಗಟ್ಟಿದ ತಲೆಯಲ್ಲಿ ಬರುತ್ತಿದ್ದ ನನ್ನನ್ನು ಮಿಸ್ ಒಂದು ಮಾತೂ ಕೇಳದೆ, ಊಟದ ಬಿಡುವಿನಲ್ಲಿ ಹಿಂದಿನ ಜಗಲಿಗೆ ಕರೆದೊಯ್ದು ಎಣ್ಣೆ ಹಚ್ಚಿ, ಬಾಚಿ, ಎರಡು ಜಡೆ ಹಾಕತೊಡಗಿದರು.

ಒಂದು ದಿನ, ಕರುವನ್ನು ಮಾರಿಬಿಟ್ಟ ಮನೆಯ ಹಸುವಿನ ಕಥೆ ಬರೆದು ಎದ್ದು ನಿಂತು ಓದಲು ಹೇಳಿದರು. ನನ್ನ ಕಥೆಯಲ್ಲಿ ಕರುವನ್ನು ಸಂತೆಗೆ ಹೊಡೆದುಕೊಂಡು ಹೋದರು. ಹಸು ಹುಲ್ಲು ತಿಂದಿತು, ನೀರು ಕುಡಿಯಿತು, ಮಲಗಿತು. ಅಷ್ಟೆ. ಮಿಸ್ ಹತ್ತಿರ ಬಂದು, ಹಸು ನಿಜವಾಗಿಯೂ ಮಲಗಿತೇ ಎಂದು ಮೆಲ್ಲಗೆ ಕೇಳಿದರು. ನಾನು ಹಾಳೆ ಕೆಳಗಿಳಿಸಿ ಹೇಳಿದೆ.

“ಇಲ್ಲ ಮಿಸ್. ಬಸ್ಸಿನ ಸದ್ದು ಕೇಳಿದಾಗೆಲ್ಲ ಎದ್ದು ಬಾಗಿಲ ಕಡೆ ನೋಡ್ತೈತೆ.”

ಹಸು ಎಲ್ಲಾದರೂ ಬಸ್ಸಿಗೆ ಕಾಯುತ್ತದೆಯೇ ಎಂದು ಯಾರೋ ನಕ್ಕರು. ಮಿಸ್ ನನ್ನ ತಲೆಯ ಮೇಲೆ ಕೈಯಿಟ್ಟು, ಕಾಯುತ್ತದೆ ಎಂದರು. ಆಮೇಲೆ ಮುಂದಿನವಳಿಗೆ ಓದಲು ಹೇಳಿದರು.

ಆ ಸಂಜೆ ಅವರು ನಮ್ಮ ಮನೆಗೆ ಬಂದರು. ತಂದೆಗೆ ಬುದ್ಧಿವಾದ ಹೇಳಲಿಲ್ಲ, ಜಗಳದ ವಿಚಾರ ಎತ್ತಲಿಲ್ಲ. ನಿಮ್ಮ ಮಗಳು ಒಂದು ಕಥೆ ಕಟ್ಟಿದ್ದಾಳೆ, ಕೇಳಬೇಕು ಎಂದು ಅದನ್ನು ನನ್ನ ಬಾಯಿಂದ ಹೇಳಿಸಿದರು. ತಂದೆ ತಲೆ ತಗ್ಗಿಸಿ ಕೇಳುತ್ತಿದ್ದವರು ಕೊನೆಯಲ್ಲಿ ನನ್ನ ಕಡೆ ನೋಡಿದರು.

“ಹಸ ಯಾಕವ್ವಾ ಬಸ್ಸಿನ ಸದ್ದಿಗೆ ಏಳ್ತೈತೆ?”

“ಅದ್ರಲ್ಲಿ ಬರ್ಬೋದು ಅಂತ, ಅಪ್ಪಾ.”

ತಂದೆ ಎದ್ದು ಹಿತ್ತಿಲಿಗೆ ಹೋದರು. ತಿರುಗಿ ಬಂದಾಗ ಮುಖ ತೊಳೆದಿದ್ದರು. ಈ ಭಾನುವಾರ ಮಗುವನ್ನು ಕರೆದುಕೊಂಡು ಹೋಗುತ್ತೇನೆ ಎಂದಷ್ಟೇ ಮಿಸ್‌ಗೆ ಹೇಳಿದರು.

ಭಾನುವಾರ ಇಬ್ಬರೂ ತ್ಯಾಮಗೊಂಡ್ಲಿಗೆ ಹೋದೆವು. ತಾಯಿ ವಿಜಯಪುರಕ್ಕೆ ಮರಳಲು ಒಪ್ಪಲಿಲ್ಲ. ಆದರೆ ನಾನು ಅವರ ಕೊರಳು ಬಿಡಲಿಲ್ಲ. ಬಿಡಿಸಲು ತಂದೆಗೆ ಮನಸ್ಸಾಗಲಿಲ್ಲ. ನನ್ನನ್ನು ಅಲ್ಲಿಯೇ ಬಿಟ್ಟು ಒಬ್ಬರೇ ಹೊರಟರು. ಆಮೇಲೆ ಬಿಡುವಾದಾಗ ಬಂದು ನೋಡಿಕೊಂಡು ಹೋಗುತ್ತಿದ್ದರು. ಹೀಗೆ ನನಗೆ ಅಮ್ಮ ಸಿಕ್ಕರು, ಮಿಸ್ ತಪ್ಪಿಹೋದರು. ಹೋಗಿ ಬರುತ್ತೇನೆಂದು ಹೇಳುವುದಕ್ಕೂ ಆಗಲಿಲ್ಲ. ಹೊಸ ಶಾಲೆಗೆ ಸೇರಿದ ದಿನ ಕರಿಹಲಗೆಯ ಮೇಲೆ ‘ಹಸು ಒಂದು ಸಾಧು ಪ್ರಾಣಿ’ ಎಂದು ಬರೆದಿತ್ತು. ಇಳಿಸಿಕೊಳ್ಳಲು ಕೂತವಳಿಗೆ ಎರಡನೆಯ ಸಾಲು ಕಾಣಿಸಲಿಲ್ಲ. ಅಮ್ಮ ದಿನವೂ ಜಡೆ ಹಾಕುವಾಗ ಅವರ ಕೈ ಹಿತವಾಗಿಯೇ ಇತ್ತು. ಆದರೂ ವಿಜಯಪುರದ ಆ ಜಗಲಿಗಾಗಿ ಮನಸ್ಸು ಹಂಬಲಿಸುತ್ತಿತ್ತು. ಇದನ್ನು ಅಮ್ಮನಿಗೆ ಹೇಗೆ ಹೇಳಲಿ?

ಶಿಕ್ಷಕರ ತರಬೇತಿ ಮುಗಿಸಿದ ಮೇಲೆ, ಎರಡು ವರ್ಷದ ಹಿಂದೆ, ಅವರನ್ನು ಹುಡುಕಿಕೊಂಡು ಹೋದೆ. ಮುಖ್ಯೋಪಾಧ್ಯಾಯಿನಿಯಾಗಿದ್ದರು, ಕೂದಲು ನೆರೆತಿತ್ತು. ನಾನು ಹೆಸರು ಹೇಳುವ ಮೊದಲೇ ಗುರುತು ಹಿಡಿದರು. ಅಂದು ಒಮ್ಮೆಯೂ ಬಾಯಿಬಿಟ್ಟು ಕೇಳದಿದ್ದ ಮಾತನ್ನು ಮೊದಲು ಕೇಳಿದರು.

“ಪ್ರಮೋದಾ, ಅಮ್ಮ ಚೆನ್ನಾಗಿದಾರಾ?”

ಚೆನ್ನಾಗಿದ್ದಾರೆ ಮಿಸ್ ಎಂದು ಬಾಗಿ ಅವರ ಕಾಲು ಮುಟ್ಟಿದೆ.

ಪೂಜ್ಯ ಮುನಿರತ್ನಮ್ಮನವರಿಗೆ ಭಗವಂತನು ನಿಡುಗಾಲದ ಆಯುಷ್ಯವನ್ನೂ, ಮಕ್ಕಳ ಮಾತಿಗೆ ಕಿವಿಗೊಡುವ ಚೈತನ್ಯವನ್ನೂ ಕರುಣಿಸಲಿ. ಸರ್ಕಾರ ಅವರಿಗೆ ವಿಶ್ರಾಂತಿ ಕೊಟ್ಟಿದೆ, ನಾನು ಕೊಡಲಾರೆ. ಬಾಶೆಟ್ಟಿಹಳ್ಳಿಯ ಬಳಿ ನಾನು ಕಲಿಸುತ್ತಿರುವ ಶಾಲೆಗೆ ಅವರು ಆಗಾಗ ಬಂದು ಒಂದು ಕಥೆ ಹೇಳಬೇಕು. ಅವರು ಬಂದ ದಿನ ಮೇಜಿನ ಬಳಿಯ ಕುರ್ಚಿ ಅವರದು. ನಾನು ಮಕ್ಕಳ ನಡುವೆ ನೆಲದ ಮೇಲೆ ಕುಳಿತು ಕೇಳುವವಳು.